ಬಂಗಲೆಯ ಕೋಸು

"ಬನ್ನಿ ಇಲ್ಲಿ, ನೋಡಿ ನಿಮ್ ಬರ್ಕೋಲಿಯ! ಊ ಬುಟ್ಕೊಂಡು ಕುಂತದೆ."

ಚಿಕ್ಕಬಸಮ್ಮ ಬಾವಿಯ ಪಕ್ಕದ ಪಾತಿಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ನಿನ್ನೆ ಸಂಜೆಯವರೆಗೂ ಬ್ರೊಕೋಲಿಯ ಹಸಿರು ಮೊಗ್ಗಿನ ಸಣ್ಣ ಗೊಂಚಲುಗಳಿದ್ದ ಕಡೆ ಇವತ್ತು ಸಾಸಿವೆ ಹೂವಿನಂಥ ಹಳದಿ. ಬಿಸಿಲು ಬೀಳುವ ಸಾಲು ಸಾಲೇ ಅರಳಿತ್ತು. ಜೇನುನೊಣಗಳಿಗೆ ಆಗಲೇ ಸುದ್ದಿ ಮುಟ್ಟಿತ್ತು.

ಅವಳ ಗಂಡ ಚಾಮಯ್ಯ ಖಾಕಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನೋಡಿದ. "ಇನ್ನೂ ಗಡ್ಡೆ ಕಟ್ಬೇಕು ಕಣೆ. ಮುಟ್ಬ್ಯಾಡ. ಬಂಗ್ಲೆಲಿ ಇಷ್ಟಗಲ ಆಗ್ತಿತ್ತು," ಎಂದು ಊಟದ ತಟ್ಟೆಯಷ್ಟು ಅಗಲ ತೋರಿಸಿದ.

"ಊವಾದ್ಮೇಲೆ ಗಡ್ಡೆ ಕಟ್ಟೋ ಗಿಡ ಯಾವ್ ಲೋಕದಲ್ಲದೆ?"

"ದೊರೆಗಳ ಗಿಡ. ಅದರ ರೀತಿನೇ ಬ್ಯಾರೆ."

ದೀಪಾವಳಿಯಿಂದ ಈ ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿಹೋಗಿತ್ತು. ಮದುವೆಯಾದ ಮರುವರ್ಷವೇ ಸುಂಟಿಕೊಪ್ಪದ ಆಚೆಯ ಕಾಫಿ ತೋಟಕ್ಕೆ ದೊರೆಯ ಬಂಗಲೆಯ ಮಾಲಿಯಾಗಿ ಹೋದವನು, ಹಬ್ಬಕ್ಕೊಮ್ಮೆ ಬಂದು ಬಸ್ಸು ಹತ್ತುತ್ತಿದ್ದ. ಮಕ್ಕಳನ್ನು ಸಾಕಿ ದಡ ಸೇರಿಸಿದ್ದು, ಬಾವಿ ಪಕ್ಕದ ಈ ನೆಲವನ್ನು ಹದ ಮಾಡಿ ಸೊಪ್ಪು ಬೆಳೆದು ಕೊಪ್ಪದ ಸಂತೆಗೆ ಹೊತ್ತದ್ದು ಎಲ್ಲ ಅವಳೇ. ಹೋದ ಮಳೆಗಾಲ ದೊರೆ ತೋಟ ಮಾರಿ ಸೀಮೆಗೆ ಹೊರಟುಹೋದ. ಚಾಮಯ್ಯ ಒಂದು ಟ್ರಂಕು, ಮೈಮೇಲಿನ ಕೋಟು, ಜೇಬಿನಲ್ಲೊಂದು ಬೀಜದ ಪೊಟ್ಟಣದೊಂದಿಗೆ ಊರಲ್ಲಿ ಇಳಿದ.

ಇಳಿದವನು ಸುಮ್ಮನಿದ್ದರೆ ಆಗುತ್ತಿತ್ತು. ಅವಳ ಕೊತ್ತಂಬರಿ, ದಂಟು ಕೀಳಿಸಿ, ಇದ್ದುದರಲ್ಲಿ ಒಳ್ಳೆಯ ಪಾತಿಯನ್ನು ತನ್ನ ಈ ಹಸಿರು ಕೋಸಿಗೆ ಹಿಡಿದ. ಗಿಡದಿಂದ ಗಿಡಕ್ಕೆ ಮೊಳ ಹಾಕಿಸಿದ. ಗೊಬ್ಬರ ಹೊತ್ತವಳು ಅವಳು, ಹುಳ ಆರಿಸಿದವಳು ಅವಳು. ಅವನು ಪಾತಿಯ ತಲೆಗೆ ನಿಂತು "ಅಲ್ಲಿ, ಇಲ್ಲಿ" ಎನ್ನುತ್ತಿದ್ದ. ಸಂತೆಯಲ್ಲಿ ಅವಳ ಸೊಪ್ಪಿಗೇ ಕಾಯುತ್ತಿದ್ದ ನಿರಾಶ್ರಿತರ ಕ್ಯಾಂಪಿನ ಟಿಬೇಟಿನ ಹೆಂಗಸರು ಬರಿಗುಕ್ಕೆ ನೋಡಿ ನೋಡಿ ಬೇರೆಯವರ ಕಡೆ ತಿರುಗಿದ್ದರು. ಇನ್ನು ಪಕ್ಕದ ಹೊಲದ ಪುಟ್ಟಮಲ್ಲಪ್ಪ ದಿನಕ್ಕೊಮ್ಮೆ ಬೇಲಿಗೆ ಬಂದು, "ಏನ್ ಚಾಮಯ್ಯ, ಬಾರ್ಕೋಲು ಬೆಳೀತಿದ್ದೀಯಂತೆ? ನಮ್ ಎತ್ಗೆ ಎರಡು ಇಡು," ಎಂದು ನಕ್ಕು ಹೋಗುತ್ತಿದ್ದ.

ಮಧ್ಯಾಹ್ನ ಸೌದೆ ತರಲು ಹೋಗಿದ್ದವಳು ಹಿಂತಿರುಗಿದಾಗ ಪಾತಿಯ ಮೇಲೆ ಚಪ್ಪರ ಎದ್ದಿತ್ತು. ನಾಲ್ಕು ಗೂಟ, ಗೂಟಗಳ ನಡುವೆ ಅವಳ ಕೆಂಪಂಚಿನ ಸೀರೆ. ಮಗಳ ಬಾಣಂತನಕ್ಕೆ ಉಟ್ಟು ಹೋಗಬೇಕೆಂದು ಒಗೆದು ಹರವಿದ್ದ ಸೀರೆ. ಸೌದೆ ಹೊರೆ ಅಲ್ಲೇ ಧೊಪ್ಪೆಂದು ಬಿತ್ತು.

"ಬಿಸ್ಲಿಗೆ ಊವಾಗಿರೋದು ಕಣೆ," ಎಂದ ಚಾಮಯ್ಯ. "ನೆಳ್ಳು ಮಾಡಿದ್ರೆ ಮುಚ್ಕೊತ್ತದೆ."

"ಅರಳಿದ್ ಊವು ಮುಚ್ಕೊಳ್ಳಕೆ ಅದೇನು ಕೊಡೆನಾ?" ಸೀರೆಯನ್ನು ಕಿತ್ತೆಳೆದುಕೊಂಡಳು. ಅಂಚು ಗೂಟಕ್ಕೆ ಸಿಕ್ಕಿ ಪರ್ರೆಂದಿತು. ಹರಿದ ಅಂಚನ್ನು ಒಮ್ಮೆ ನೋಡಿದಳು, ಅವನನ್ನು ಒಮ್ಮೆ ನೋಡಿದಳು, ಒಳಗೆ ಹೋಗಿ ಕುಡುಗೋಲು ಹಿಡಿದು ಬಂದಳು.

ಚಾಮಯ್ಯ ಪಾತಿಗೆ ಅಡ್ಡ ನಿಂತ. "ಕುಯ್ಬ್ಯಾಡ. ಆಳಾಗೋಯ್ತದೆ."

"ಅಂಗಾದ್ರೆ ನೀವೇ ಯೋಳಿ. ಬಂಗ್ಲೆಲಿ ಯಾವಾಗ ಕುಯ್ತಿದ್ರಿ? ಮೊಗ್ಗಿದ್ದಾಗ್ಲೋ, ಊವಾದ್ಮೇಲೋ? ಅದೊಂದ್ ಯೋಳ್ಬುಡಿ, ನಾನು ತಿರುಗಿ ಮಾತಾಡಕಿಲ್ಲ."

ಅವನು ಬಾವಿಯ ಕಡೆ ನೋಡಿದ. ಕೋಟಿನ ಮೇಲಿನ ಗುಂಡಿ ಬಿಚ್ಚಿದ, ಮತ್ತೆ ಹಾಕಿದ.

"ನಂಗೊತ್ತಿಲ್ಲ," ಎಂದ.

"ಅಂದ್ರೆ?"

"ಕುಯ್ಯೋದ್ನ ನಾನು ನೋಡೇ ಇಲ್ಲ. ತೋಟ ಇದ್ದದ್ದು ಬಂಗ್ಲೆ ಇಂದುಗಡೆ. ನಾನು ಗೇಟ್ನಲ್ಲಿದ್ದೆ."

"ಯಾವಾಗ?"

"ಯಾವಾಗ್ಲೂವೆ." ಅವನ ದನಿ ಇಳಿದಿತ್ತು. "ಮಾಲಿ ಅಂತ್ಲೇ ಸೇರ್ಸ್ಕೊಂಡಿದ್ರು. ವಾರ ತುಂಬಕ್ಕೆ ಮುಂಚೆ ಗುಲಾಬಿ ಗಿಡ ಸತ್ತೋಯ್ತು. ದೊರೆಸಾನಿ ಗೇಟ್ ಕಾಯಕ್ಕೆ ಆಕ್ಬುಟ್ರು. ಕ್ಲಬ್ಬಿಗೆ ಓಗೋ ತರಕಾರಿ ಬುಟ್ಟಿ ನನ್ ಮುಂದೇ ಓಗ್ತಿತ್ತು. ಅಷ್ಟೇ ನಾನ್ ಕಂಡಿರೋದು. ಬರೋವಾಗ ಅಲ್ಲಿನ ಮಾಲಿ ಈ ಬೀಜ ಕೊಟ್ಟ."

ಚಿಕ್ಕಬಸಮ್ಮನಿಗೆ ಕುಡುಗೋಲನ್ನು ಬಾವಿಗೆ ಎಸೆದುಬಿಡಬೇಕೆನ್ನಿಸಿತು. ಸಂತೆಯಲ್ಲಿ, ನೀರು ಸೇದುವಲ್ಲಿ, ಮಗಳನ್ನು ನೋಡಲು ಬಂದ ಗಂಡಿನವರ ಮುಂದೆ, ಎಲ್ಲೆಲ್ಲಿ ಹೇಳಿಕೊಂಡು ಬಂದಿದ್ದಳು! ನಮ್ಮೋರು ಬಂಗಲೆಯ ಹೆಡ್ ಮಾಲಿ ಎಂದು. ಅದರಲ್ಲಿ 'ಹೆಡ್' ಅನ್ನುವುದು ಅವನು ಹೇಳಿದ್ದೂ ಅಲ್ಲ, ಅವಳೇ ಸೇರಿಸಿದ್ದು.

"ಇದ್ನ ಇನ್ನೂ ವಸಿ ತಡೆದು ಸಾಯೋವಾಗ ಯೋಳ್ಬೋದಿತ್ತು," ಎಂದಳು.

ಅವನು ತಪ್ಪು ಮಾಡಿದ ಹುಡುಗನ ಹಾಗೆ ನಿಂತೇ ಇದ್ದ. ಆ ನಿಲುವು ನೋಡಿ ಅವಳಿಗೆ ಮತ್ತಷ್ಟು ರೇಗಿತು. ಅವನನ್ನು ಮೊಳಕೈಯಿಂದ ಪಕ್ಕಕ್ಕೆ ಸರಿಸಿ ಕುಕ್ಕರಗಾಲಲ್ಲಿ ಕೂತು ಕೊಯ್ಯತೊಡಗಿದಳು. ಅರಳಿದ್ದು ಒಂದು ಕಡೆ, ಇನ್ನೂ ಬಿಗಿದ ಮೊಗ್ಗಿರುವುದು ಇನ್ನೊಂದು ಕಡೆ. ಕೊಯ್ಯುತ್ತ ಹೋದ ಹಾಗೆ ಎಲೆ ಬುಡದ ಸಂದುಗಳಲ್ಲಿ ಸಣ್ಣ ಸಣ್ಣ ಚಿಗುರಿನ ಕಣ್ಣುಗಳು ಕಂಡವು. ಹೂವಿಗೆ ತಿರುಗಿದ ದಂಟಿನ ಸೊಪ್ಪಿನ ಕುಡಿ ಚಿವುಟಿದಾಗ ಅದು ಪಕ್ಕಕ್ಕೆ ಚಿಗುರುವುದನ್ನು ಅವಳು ನೋಡಿದ್ದಳು. ಇದೂ ಹಾಗೇ ಚಿಗುರುವುದೋ ಇಲ್ಲವೋ ಆ ದೊರೆಸಾನಿಗೇ ಗೊತ್ತು. ಆದರೆ ಕಣ್ಣುಗಳನ್ನು ಉಳಿಸಿಯೇ ಕೊಯ್ದಳು.

"ಏನ್ ಬಸಮ್ಮ, ಕುಯ್ದಾಕ್ಬುಟ್ಟೆ?" ಪುಟ್ಟಮಲ್ಲಪ್ಪ ಬೇಲಿಯ ಮೇಲೆ ಮುಖವಿಟ್ಟಿದ್ದ. "ಕೆಟ್ಟೋಯ್ತಾ ದೊರೆ ಬೆಳೆ?"

ಚಾಮಯ್ಯ ತಲೆ ತಗ್ಗಿಸಿದ. ನಿಜ ಹೇಳಲು ಬಾಯಿ ತೆರೆಯುವಂತಿದ್ದ. ಚಿಕ್ಕಬಸಮ್ಮ ಅದಕ್ಕೆ ಮುಂಚೆಯೇ ಎದ್ದಳು.

"ಕೆಟ್ಟೋಗಕೆ ಏನಾಗದೆ? ಒಂದೇ ಗಡ್ಡೆ ಕೊಟ್ಟು ಮುಗ್ಯೋ ಬೆಳೆ ಅಲ್ಲ ಕಣಣ್ಣ ಇದು. ತುದಿ ಕುಯ್ದಷ್ಟೂ ಪಕ್ದಲ್ಲಿ ಒಡೀತದೆ. ನಮ್ಮೋರು ಬಂಗ್ಲೆಲಿ ಇಂಗೇ ಮಾಡ್ತಿದ್ದದ್ದು. ತಗೊ, ಉಪ್ಸಾರಿಗೆ ಆಕ್ಸು."

ಪುಟ್ಟಮಲ್ಲಪ್ಪ ಅವಳು ಕೊಟ್ಟ ಹಿಡಿಯನ್ನು ತಿರುಗಿಸಿ ನೋಡಿದ, ಮೂಸಿದ, ನಗಲು ಏನೂ ಸಿಗದೆ ಹೊರಟುಹೋದ.

"ಬಸಮ್ಮ..." ಎಂದ ಚಾಮಯ್ಯ.

"ಮಾತಾಡ್ಬ್ಯಾಡಿ. ಈ ಅರ್ಧ ಪಾತಿಗೆ ನಾಳೆ ನಾನು ದಂಟ್ನ ಬೀಜ ಚೆಲ್ತೀನಿ. ಈಗ ನೀರ್ ಸೇದಿ."

ಅವನು ಬಿಂದಿಗೆ ತುಂಬಿ ತಂದು ಗಿಡದ ಮೇಲೆ ಬಗ್ಗಿಸಿದ. ನೀರು ಧುಮ್ಮಿಕ್ಕಿ ಬುಡದ ಮಣ್ಣು ಕೊಚ್ಚಿತು, ಬೇರು ಬೆಳ್ಳಗೆ ಕಂಡಿತು. ಚಿಕ್ಕಬಸಮ್ಮ ಹಲ್ಲು ಕಚ್ಚಿ, ಬಿಂದಿಗೆಯ ಬಾಯಿಗೆ ಅಂಗೈ ಒಡ್ಡಿದಳು. ಅವನು ಹಾಗೇ ಬಗ್ಗಿಸಿಕೊಂಡು ನಿಂತ. ನೀರು ಅವಳ ಬೆರಳ ಸಂದಿನಿಂದ ಮೆಲ್ಲಗೆ ಇಳಿಯತೊಡಗಿತು.