ನನ್ನ ಪಕ್ಕೆಯ ಮೇಲಿನ ನೂರು

ಇನಾಯತ್ ಸಾಬರು ನನ್ನ ಮೈಮೇಲೆ ಸೋಪಿನ ನೀರು ಸುರಿದು, ಗುಳ್ಳೆ ಎಲ್ಲಿ ಏಳುತ್ತದೆಂದು ಹುಡುಕುತ್ತಿದ್ದರು. ಅಷ್ಟಷ್ಟೇ ಉರುಳಿಸುವುದು, ನೋಡುವುದು, ಮತ್ತೆ ಉರುಳಿಸುವುದು. ಅವಸರವಿಲ್ಲದ ಕೈ ಅವರದು. ನಡುಮೈಯಲ್ಲಿ, ಎರಡು ಗುಂಡಿಗಳ ಸಂದಿಯಲ್ಲಿ, ಸಾಸಿವೆಯಷ್ಟು ಗುಳ್ಳೆ ಎದ್ದಿತು. ಕಾರೆಮುಳ್ಳು. ಅದನ್ನು ಇಕ್ಕಳದಿಂದ ಕಿತ್ತು, ಅಂಟು ಸವರಿದ ರಬ್ಬರಿನ ಬತ್ತಿಯನ್ನು ತೂತಿಗೆ ತುರುಕಿ, ಮಿಕ್ಕ ತುದಿಯನ್ನು ಕೊಯ್ದರು. ಮತ್ತೆ ಸೋಪಿನ ನೀರು. ಗುಳ್ಳೆ ಏಳಲಿಲ್ಲ.

ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ಅವರ ಅಂಗೈ ನನ್ನ ಪಕ್ಕೆಯ ಮೇಲೆ ನಿಂತುಬಿಟ್ಟಿತು.

"ಪುಟ್ಟಮಾದು, ಈ ನೆರಿಗೆ ನೋಡು. ತೂಕ ತಡೀದೆ ಪಕ್ಕೆ ಬಳುಕ್ತಾ ಅದೆ. ಇದನ್ನ ಹಿಂದ್ಗಡೆ ಹಾಕ್ಬ್ಯಾಡ ಅಂತ ತಗಳೋವಾಗ್ಲೇ ಯೋಳಿದ್ದೆ."

ಜೀಪಿನ ಯಜಮಾನ ಪುಟ್ಟಮಾದು ಬೀಡಿಯ ಬೂದಿ ಕೊಡವಿದ. "ಬತ್ತಿ ಹಾಕೋದು ನಿನ್ನ ಕೆಲ್ಸ ಇನಾಯತಣ್ಣ. ತೂಕದ ಪಂಚಾತಿ ಯಾಕೆ? ನೀನೇನು ರೇಷನ್ ಅಂಗ್ಡಿ ತಕ್ಕಡಿನಾ?"

"ತಕ್ಕಡಿಯಾದ್ರೆ ಮುಳ್ಳು ತೋರುಸ್ತದೆ ಕಣಪ್ಪ. ಇದು ತೋರ್ಸಕಿಲ್ಲ. ಒಡೀತದೆ."

ನಾನು ಒಂದು ಜೀಪಿನ ಟೈರು. ಕಾರ್ಖಾನೆಯ ಅಚ್ಚಿನಲ್ಲಿ ಬೆಂದು ಹೊರಬಂದಾಗಲೇ ನನ್ನ ಎದೆಯ ಮೇಲೆ ನೆಲ ಕಚ್ಚುವ ದಪ್ಪ ದಪ್ಪ ಗುಂಡಿಗಳಿದ್ದವು, ಪಕ್ಕೆಯ ಮೇಲೆ ಅಂಕಿಗಳಿದ್ದವು. ಮೊದಲು ಅಳತೆ, ಆಮೇಲೆ ನೂರು. ಆ ನೂರೇ ನನ್ನ ಶಕ್ತಿಯ ಲೆಕ್ಕ. ಮನುಷ್ಯರು ಜಾತಕವನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಾರೆ. ನಮ್ಮದು ಮೈಮೇಲೆಯೇ ಇರುತ್ತದೆ. ಆದರೂ ಓದುವವರು ಕಡಿಮೆ.

ನಮ್ಮ ಬೆಟ್ಟದೂರು ಗೊರವಾಣೆಯ ದಾರಿ ದಾರಿಯೇ ಅಲ್ಲ. ಕೆಳಗಿನ ಪೇಟೆಯಿಂದ ಹನ್ನೊಂದು ಕಿಲೋಮೀಟರು ಕಾಡು, ಒಂದಷ್ಟು ಕೆಸರು, ಮಿಕ್ಕದ್ದೆಲ್ಲ ಬಂಡೆ. ಈ ದಾರಿಯ ಜೀಪಿನವರಿಗೆ ಟೈರು ಕೊಳ್ಳುವಾಗ ಒಂದು ಪದ್ಧತಿ ಉಂಟು. ಗುಂಡಿಗಳ ಸಂದಿಗೆ ತೋರುಬೆರಳು ಇಳಿಸುತ್ತಾರೆ. ಒಂದು ಗೆಣ್ಣು ಮುಳುಗಿದರೆ ಅದು ಬೆಟ್ಟದ ಟೈರು, ಮುಳುಗದಿದ್ದರೆ ಪೇಟೆಯ ಟೈರು. ಆ ದಿನ ಅಂಗಡಿಯಲ್ಲಿ ನನ್ನ ಪಕ್ಕದಲ್ಲಿ ಅದೇ ಅಳತೆಯ ಇನ್ನೊಂದು ಟೈರು ನಿಂತಿತ್ತು. ಅದರ ಪಕ್ಕೆಯ ಮೇಲೆ ನೂರ ಆರು ಎಂದಿತ್ತು. ಪುಟ್ಟಮಾದುವಿನ ಬೆರಳು ಅದರಲ್ಲಿ ಅರ್ಧ ಗೆಣ್ಣು ಇಳಿಯಿತು. ನನ್ನಲ್ಲಿ ಪೂರ್ತಿ ಮುಳುಗಿತು. ನನಗೆ ಆಗ ಎಷ್ಟು ಹೆಮ್ಮೆ!

ಟೈರು ನೋಡಿಕೊಡಲು ಜೊತೆಗೆ ಬಂದಿದ್ದ ಇನಾಯತ್ ಸಾಬರು ಆ ನೂರ ಆರನ್ನು ತಟ್ಟಿದರು. "ಗುಂಡಿ ಕೆಸ್ರಿಗೆ. ಅಂಕಿ ತೂಕಕ್ಕೆ. ನೀನು ಜನ ತುಂಬೋನು, ಅಂಕಿ ನೋಡು."

"ನೂರು, ನೂರ ಆರು. ಆರು ಕೇಜಿಗೆ ತಲೆ ಕೆಡುಸ್ಕಳ್ಳನಾ? ನಮ್ಮ ದುಂಡಮ್ಮಕ್ಕನ ಎಲಡ್ಕೆ ಚೀಲಾನೇ ಆರು ಕೇಜಿ ಅದ!"

"ಅದು ಕೇಜಿ ಅಲ್ಲ ಕಣಪ್ಪ, ಅದಕ್ಕೊಂದು ಪಟ್ಟಿ ಅದೆ. ನೂರು ಅಂದ್ರೆ ಒಂದು ಚಕ್ರಕ್ಕೆ ಎಂಟ್ನೂರು ಕೇಜಿ. ನೂರ ಆರು ಅಂದ್ರೆ ಒಂಬೈನೂರ ಐವತ್ತು."

"ನಾಕು ಎಂಟ್ಲಿ ಮೂವತ್ತೆಲ್ಡು. ಮೂರು ಸಾವ್ರದ ಇನ್ನೂರು ಆಯ್ತಲ್ಲ! ಗಾಡಿ ಜನ ಎಲ್ಲ ಸೇರುದ್ರೂ ಅಷ್ಟಾಗಲ್ಲ."

"ನಾಕೂ ಸಮವಾಗಿ ಹೊರ್ತಾವಾ? ಏರಿನಲ್ಲಿ ಹಿಂದಿನವೆರಡೇ ಹೊರೋದು. ಗುಡ್ಡಕ್ಕೆ ಹೆಣ ಹೊತ್ತವರ್ನ ಕೇಳು, ಹಿಂದ್ಲೋರ ಹೆಗಲು ಯೋಳ್ತದೆ."

ಅಂಗಡಿಯವರೂ ನಕ್ಕರು. ಪುಟ್ಟಮಾದು ನನ್ನನ್ನೇ ಎತ್ತಿಕೊಂಡ. ನನ್ನ ಜಾಗ ಹಿಂದಿನ ಎಡಗಡೆ.

ಬತ್ತಿ ಹಾಕಿಸಿದ ಮೂರನೆಯ ದಿನ ರೇಷನ್ ದಿನವಾಗಿತ್ತು. ಹದಿಮೂರು ಜನ, ಆರು ಮೂಟೆ ಅಕ್ಕಿ. ಪುಟ್ಟಮಾದುವಿನ ಅಕ್ಕ ದುಂಡಮ್ಮ, ಗೊರವಾಣೆ ಶಾಲೆಯ ಬಿಸಿಯೂಟದವಳು, ಸರಿಯಾಗಿ ನನ್ನ ಮೇಲೆ ಕುಳಿತಿದ್ದಳು. ಕೆಸರು ಬಂದಾಗ ಪುಟ್ಟಮಾದು ಎಂದಿನಂತೆ ಇಳಿದು ನಮ್ಮೆಲ್ಲರ ಗಾಳಿ ಬಿಟ್ಟ. ಗಾಳಿ ಇಳಿದರೆ ನಾವು ಅಗಲವಾಗಿ ನೆಲವನ್ನು ಹಿಡಿಯುತ್ತೇವೆ. ಆದರೆ ಗಾಳಿಯ ಜೊತೆಗೆ ಹೊರುವ ಶಕ್ತಿಯೂ ಇಳಿಯುತ್ತದೆ. ಅದಕ್ಕೇ ಕೆಸರು ದಾಟಿದ ಮೇಲೆ ಪಂಪು ಹೊಡೆಯಬೇಕು. ಅವನು ದಿನವೂ ಹೊಡೆಯುತ್ತಿದ್ದ.

ಅವತ್ತು ಕೆಸರು ದಾಟಿದ ಜಾಗದಲ್ಲೇ ಆನೆಯ ಲದ್ದಿ ಬಿದ್ದಿತ್ತು.

"ಇನ್ನೂ ಹೊಗೆ ಆಡ್ತಾ ಅದ ಕಣೋ!" ಯಾರೋ ಒಳಗಿನಿಂದ ಕೂಗಿದರು. "ಇಳೀಬ್ಯಾಡ ಮಾದು, ನಡಿ ನಡಿ!"

ಪಂಪು ಸೀಟಿನ ಕೆಳಗೇ ಉಳಿಯಿತು. ಬಂಡೆಯ ಏರು ಶುರುವಾಯಿತು. ಪ್ರತಿ ಕಲ್ಲಿಗೂ ತೂಕವೆಲ್ಲ ಹಿಂದಕ್ಕೆ ಬಂದು ನನ್ನ ಮೇಲೆ ಕೂರುತ್ತಿತ್ತು. ಪಕ್ಕೆ ಮಡಿಚಿಕೊಂಡಿತು, ಬಿಚ್ಚಿಕೊಂಡಿತು, ಮತ್ತೆ ಮಡಿಚಿಕೊಂಡಿತು. ಒಳಗೆ ಕಾವು ಏರಿತು. ನಾನು ಕೂಗಲಾರೆ. ವಾಸನೆಯನ್ನಷ್ಟೇ ಬಿಡಬಲ್ಲೆ. "ಏನೋ ಸುಟ್ಟ ವಾಸ್ನೆ" ಎಂದಳು ದುಂಡಮ್ಮ. "ಕ್ಲಚ್ಚು ಅಕ್ಕ" ಎಂದ ಪುಟ್ಟಮಾದು. ಎಡಕ್ಕೆ ಕಮರಿ. ಮೂರನೆಯ ತಿರುವಿನಲ್ಲಿ ನನ್ನ ಪಕ್ಕೆ ಗೇಣುದ್ದ ಸೀಳಿತು.

ಜೀಪು ವಾಲಿತು, ಕಮರಿಯ ಕಡೆಗೆ ಮೊಳದಷ್ಟು ಜಾರಿತು, ಒಂದು ಹೊನ್ನೆಮರಕ್ಕೆ ಒರಗಿ ನಿಂತಿತು. ಹನ್ನೆರಡು ಜನ ಬಲಗಡೆಯಿಂದ ಹಾರಿಕೊಂಡರು. ದುಂಡಮ್ಮನ ಕಾಲು ಮೂಟೆಗಳ ಕೆಳಗೆ ಸಿಕ್ಕಿ ಮುರಿದಿತ್ತು.

"ಏನಾಯ್ತೋ ಮಾದು?" ಎಲ್ಲರೂ ಕೇಳಿದರು.

"ಇನಾಯತಣ್ಣನ ಬತ್ತಿ ಕಿತ್ಕಂಡ್ತು" ಎಂದ ಪುಟ್ಟಮಾದು. ನನ್ನ ಕಡೆ ತಿರುಗಿಯೂ ನೋಡದೆ ಹೇಳಿದ.

ಆ ಒಂದು ಮಾತು ಜೀಪಿಗಿಂತ ಮೊದಲೇ ಬೆಟ್ಟ ಇಳಿಯಿತು. ವಾರದೊಳಗೆ ಪೇಟೆಯ ಒಬ್ಬ ಡ್ರೈವರೂ ಸಾಬರ ಹತ್ತಿರ ಪಂಕ್ಚರ್ ಹಾಕಿಸಲಿಲ್ಲವಂತೆ. "ಜನರ ಪ್ರಾಣ ತೆಗೆಯೋ ಕೈ" ಎಂದರಂತೆ. ಎರಡು ತಿಂಗಳಲ್ಲಿ ಅವರು ಅಂಗಡಿ ಮುಚ್ಚಿ ಅಳಿಯನ ಊರಿಗೆ ಹೋದರೆಂದು ಸುದ್ದಿ ಬಂತು.

ನನ್ನನ್ನು ಶಾಲೆಯ ಅಂಗಳಕ್ಕೆ ಉರುಳಿಸಿ ಕೆಡವಿದರು. ದುಂಡಮ್ಮನಿಗೆ ಕಾಲು ಚಾಚಿ ಕೂರಲು ನಾನೇ ಪೀಠವಾದೆ. ಅಡುಗೆ ಬಿಟ್ಟು ಕುಳಿತ ಆ ದಿನಗಳಲ್ಲಿ ಅವಳು ದೊಡ್ಡವರ ಸಂಜೆ ಶಾಲೆಗೆ ಸೇರಿದಳು. ಐವತ್ತಾರನೆಯ ವಯಸ್ಸಿಗೆ ಬಳಪ ಹಿಡಿದವಳು ಕಂಡದ್ದನ್ನೆಲ್ಲ ಓದುತ್ತಿದ್ದಳು. ಉಪ್ಪಿನ ಪೊಟ್ಟಣ ಓದಿದಳು, ಗೋಡೆ ಓದಿದಳು. ಒಂದು ದಿನ ಬಗ್ಗಿ ನನ್ನನ್ನು ಓದಿದಳು. "ಒಂದು, ಸೊನ್ನೆ, ಸೊನ್ನೆ. ನೂರು!" ಖುಷಿಯಿಂದ ಬೆರಳು ಸವರುತ್ತ ಹೋದವಳು ಸೀಳಿನ ಬಳಿ ನಿಂತಳು. ಆಮೇಲೆ ನನ್ನನ್ನು ಎತ್ತಿ ನಿಲ್ಲಿಸಿ ಬತ್ತಿಯನ್ನು ಹುಡುಕಿದಳು. ಅದು ನಡುಮೈಯಲ್ಲಿ, ಸೀಳಿನಿಂದ ದೂರದಲ್ಲಿ, ಮೊಳೆ ಬಡಿದಂತೆ ಗಟ್ಟಿಯಾಗಿತ್ತು.

ನೂರು ಅಂದರೆ ಏನೆಂದು ಸಂಜೆ ಶಾಲೆಯ ಮೇಡಂ ಫೋನಿನಲ್ಲಿ ಪಟ್ಟಿ ತೆಗೆದು ಹೇಳಿದರು. ಟೈರು ತಂದ ದಿನ ತಮ್ಮ ಸಾಬರ ಅಂಕಿಯ ಮಾತನ್ನು ನಗುತ್ತ ಹೇಳಿದ್ದು ದುಂಡಮ್ಮನಿಗೆ ನೆನಪಾಯಿತು. ಆ ವಾರವೇ ಒಂದು ಕಾಗದ ಬರೆದಳು. ಬರೆದದ್ದನ್ನು ನನ್ನ ಮೇಲೆ ಕುಳಿತೇ ತಮ್ಮನಿಗೆ ಓದಿದಳು:

"ಇನಾಯತಣ್ಣನಿಗೆ ದುಂಡಮ್ಮ ಬರೆಯುವುದು. ನಿಮ್ಮ ಬತ್ತಿ ಕಿತ್ತಿಲ್ಲ. ಪಕ್ಕೆ ಹರಿದದ್ದು ತೂಕದಿಂದ. ತಪ್ಪು ನಮ್ಮದು. ವಾಪಸು ಬನ್ನಿ. ಯಾರು ಕೇಳಿದರೂ ಈ ಕಾಗದ ತೋರಿಸಿ."

"ಇದ್ರ ಕೆಳ್ಗೆ ನಿನ್ನ ಸಹಿ ಹಾಕು."

"ಸಹಿ ಹಾಕುದ್ರೆ ನನ್ನ ಗಾಡಿಗೆ ಯಾರಕ್ಕ ಹತ್ತಾರೆ?"

"ಹಾಕ್ದಿದ್ರೆ ಅವರ ಅಂಗ್ಡಿಗೆ ಯಾರು ಹೋಗ್ತಾರೆ?"

ಅವನು ಎದ್ದು ಹೋದ. ಕಾಗದ ಅಡುಗೆಮನೆಯ ಸೂರಿನಲ್ಲಿ ಕುಳಿತಿತು. ಮುಂಗಾರು ಕಳೆಯಿತು, ಹಿಂಗಾರೂ ಕಳೆಯಿತು. ಪ್ರತಿ ಗುರುವಾರ ಬೆಟ್ಟಕ್ಕೆ ಬರುವ ಅಂಚೆಯಣ್ಣ "ಏನಾದ್ರೂ ಅದಾ?" ಎಂದು ಕೇಳುತ್ತಿದ್ದ. "ಇನ್ನೂ ಇಲ್ಲ ಕಣಪ್ಪ" ಎನ್ನುತ್ತಿದ್ದಳು. ತಮ್ಮನ ಸಹಿಯಿಲ್ಲದ ಕಾಗದಕ್ಕೆ ಜೀಪು ಸ್ಟ್ಯಾಂಡಿನವರು ನಗುತ್ತಾರೆಂದು ಅವಳಿಗೆ ಗೊತ್ತಿತ್ತು.

ಮಾಗಿಯ ಒಂದು ಗುರುವಾರ ಬೆಳಿಗ್ಗೆ ಜೀಪು ಪೇಟೆಗೆ ಹೊರಟು ಅಂಗಳದಲ್ಲಿ ನಿಂತಿತ್ತು. ಜನ ತುಂಬಿದ್ದರು. ಅಂಚೆಯಣ್ಣ ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟಿದ್ದ. ದುಂಡಮ್ಮ ಕೋಲೂರಿ ಹತ್ತಿರ ಬಂದಳು, ಹತ್ತಲಿಲ್ಲ. ಹಿಂದಿನ ಹೊಸ ಚಕ್ರದ ಮುಂದೆ ಬಗ್ಗಿದಳು.

"ಒಂದು, ಸೊನ್ನೆ, ಆರು" ಎಂದು ಗಟ್ಟಿಯಾಗಿ ಓದಿದಳು. "ನೂರ ಆರು."

ಪುಟ್ಟಮಾದು ಸ್ಟೀರಿಂಗ್ ಹಿಡಿದು ಮುಂದೆಯೇ ನೋಡುತ್ತಿದ್ದ.

"ಗೆಣ್ಣು ಮುಳುಗ್ತದಾ ಮಾದು ಇದ್ರಲ್ಲಿ?" ಅವಳು ಬೆರಳು ಇಳಿಸಿದಳು. "ಇಲ್ಲ, ಅರ್ಧಾನೇ. ಮತ್ತ್ಯಾಕೆ ಇದ್ನೇ ತಂದೆ? ಆ ಮುದುಕ ಯೋಳಿದ್ದು ನಿಜ ಅಂತ ತಾನೆ?"

ಅಕ್ಕಿಮೂಟೆಗಳ ದಿನ ಅದೇ ಜೀಪಿನಲ್ಲಿದ್ದ ಮಾದಮ್ಮಜ್ಜಿ ಮೊದಲು ಇಳಿದಳು. "ಏನ್ಲಾ ಅದು? ಬತ್ತಿ ಅಂದಿದ್ದಲ್ಲ ನೀನು?" ಅವಳ ಹಿಂದೆ ಒಬ್ಬೊಬ್ಬರೇ ಇಳಿದರು.

ಪುಟ್ಟಮಾದು ಇಳಿದು ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕುಳಿತ. ಅವತ್ತಿನಿಂದ ಅವನು ನನ್ನನ್ನು ನೋಡಿದ್ದು ಅದೇ ಮೊದಲು. ಹೆಬ್ಬೆರಳಿನಿಂದ ಬತ್ತಿಯನ್ನು ಒತ್ತಿದ. ಉಗುರಿನಿಂದ ಕೆದಕಿದ. ಅದು ಕದಲಲಿಲ್ಲ. ನನಗಾದರೆ ಹೊರಲಾರದ ತೂಕ ಬಂದಾಗ ಸೀಳಿಕೊಳ್ಳುವುದೊಂದೇ ದಾರಿ. ಮನುಷ್ಯನಿಗೆ ಇಳಿಸಿಕೊಳ್ಳುವ ದಾರಿಯೂ ಉಂಟಲ್ಲ ಎಂದು ನಾನು ಅಷ್ಟು ತಿಂಗಳು ಕಾದಿದ್ದೆ.

"ಪೆನ್ನು ಕೊಡಿ ಅಂಚೆಯಣ್ಣ" ಎಂದ.

ದುಂಡಮ್ಮ ಸೂರಿನಿಂದ ಕಾಗದ ತಂದಳು. ಹೊಗೆ ಹಿಡಿದು ಅದು ಕೆಂಚಗಾಗಿತ್ತು. ಪುಟ್ಟಮಾದು ಅದನ್ನು ನನ್ನ ಮೇಲೆ ಹಾಸಿ, ಸಹಿಗೆ ಮೊದಲು ಒಂದು ಸಾಲು ತಾನೇ ಬರೆದ. ಬಹಳ ಹೊತ್ತು ಹಿಡಿಯಿತು. ದುಂಡಮ್ಮ ಅದನ್ನು ಅಂಗಳಕ್ಕೆಲ್ಲ ಕೇಳುವಂತೆ ಓದಿದಳು:

"ನೀವು ಹೇಳಿದ್ದಿರಿ. ನಾನು ಕೇಳಲಿಲ್ಲ. ಸುಳ್ಳು ಹೇಳಿದವನು ನಾನು. ಪುಟ್ಟಮಾದು."

ಅಂಚೆಯಣ್ಣ ಲಕೋಟೆಗೆ ಅಂಟು ಸವರಿ, ವಿಳಾಸವನ್ನು ಅವಳ ಕೈಯಲ್ಲೇ ಬರೆಸಿ, ಚೀಲದೊಳಗೆ ಇಳಿಸಿ ಬಾಯಿ ಕಟ್ಟಿದ. ಜೀಪು ಎಂಟೇ ಜನರನ್ನು ಹತ್ತಿಸಿಕೊಂಡು, ಚೀಲವನ್ನು ಮುಂದಿನ ಸೀಟಿನಲ್ಲಿ ಇಟ್ಟುಕೊಂಡು, ಕಾಡಿನ ತಿರುವು ಇಳಿಯಿತು.