ಪೊದೆಯ ಮೇಲಿನ ಶಾಯಿ

ಶಾಯಿಯ ಕಲೆ ಬಿಟ್ಟುಕೊಂಡಿತು. ತಟ್ಟೆಯ ನೀರು ಕಪ್ಪಾಗುತ್ತಿದ್ದಂತೆ ಅವಳಿಗೆ ಖುಷಿಯೋ ಖುಷಿ. ನೀರಿನಲ್ಲಿದ್ದದ್ದು ತಾಮ್ರದ ತಗಡಿನಿಂದ ಕಾಗದಕ್ಕೆ ಅಚ್ಚೊತ್ತಿದ ಹಳೆಯ ಚಿತ್ರ. ಅಚ್ಚಿನ ಮಸಿ ಎಣ್ಣೆಯದು, ನೀರಿಗೆ ಜಗ್ಗುವುದಿಲ್ಲ. ಬೇಟೆಗಾರ್ತಿ, ಅವಳ ಬಿಲ್ಲು, ಸುತ್ತ ಮೂಗು ಚಾಚಿದ ನಾಯಿಗಳು ಎಲ್ಲ ಇದ್ದ ಹಾಗೇ ಇದ್ದವು. ಹೋದದ್ದು ಪೊದೆಯ ಮೇಲೆ ಯಾರೋ ಚೆಲ್ಲಿದ್ದ ಶಾಯಿ ಮಾತ್ರ. ಹಳೆಯ ಚಿತ್ರ ತೊಳೆದೇ ಬದುಕುವವಳಿಗೆ ಇದಕ್ಕಿಂತ ಸುಖ ಇನ್ನೇನು ಬೇಕು.

ಕಲೆಯ ಅಡಿಯಲ್ಲಿ ಒಬ್ಬ ಮನುಷ್ಯನಿದ್ದ. ಪೊದೆಯೊಳಗೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಸುಮ್ಮನೆ ಎತ್ತಲೋ ನೋಡುತ್ತಿವೆ ಅಂದುಕೊಂಡಿದ್ದ ನಾಯಿಗಳೆಲ್ಲ ಅವನನ್ನೇ ನೋಡುತ್ತಿದ್ದವು.

"ರೀ, ಇಲ್ಲಿ ಬನ್ನಿ!"

ಮುಂದಿನ ಕೋಣೆಯಲ್ಲಿ ಚೌಕಟ್ಟು ಕೊಯ್ಯುತ್ತಿದ್ದ ಗಂಡ ಗರಗಸ ಹಿಡಿದೇ ಬಂದ. ಬಾಯಿ ತೆಗೆದರೆ ಅಂಗಡಿ ತುಂಬ ಮಾತು. ಹೇಳಲೇಬೇಕಾದ್ದನ್ನು ಮಾತ್ರ ಹೇಳುವುದಿಲ್ಲ.

"ಅಯ್ಯೋ, ತೆಗೆದೇಬಿಟ್ಯಾ? ಗಾಜು ಮಾತ್ರ ಹಾಕಿ, ಕಲೆ ಮುಟ್ಟಬೇಡಿ ಅಂದಿದ್ರು ಕಣೇ ಆ ಅಮ್ಮ. ನಿಂಗೆ ಹೇಳೋದೇ ಮರೆತೆ."

"ನಿಮ್ಮ ಮರೆವಿಗಿಷ್ಟು ಬೆಂಕಿ ಹಾಕ! ಕಲೆ ಕಂಡ್ರೆ ನನ್ನ ಕೈ ಸುಮ್ನಿರುತ್ತಾ?"

ಸಂಜೆಗೆ ಬರುತ್ತೇನೆಂದಿದ್ದ ಚಿತ್ರದ ಒಡತಿ ಮಧ್ಯಾಹ್ನಕ್ಕೇ ಬಂದುಬಿಟ್ಟಳು. "ಯಾಕೋ ಮನಸ್ಸು ನಿಲ್ಲಲಿಲ್ಲ," ಎನ್ನುತ್ತಾ ಒಳಗೆ ಬಂದ ಮುದುಕಿ ತಟ್ಟೆಯೊಳಗೆ ಬಗ್ಗಿ ನೋಡಿ, ಸ್ಟೂಲಿನ ಮೇಲೆ ಕುಸಿದು ಕೂತಳು.

"ಆ ಶಾಯಿ ನಾನೇ ಬಳಿದದ್ದು. ನನ್ನ ಮಗ ಜಗಳದಲ್ಲಿ ಒಬ್ಬನನ್ನ ಹೊಡೆದು ಕೊಂದು ಓಡಿಹೋದ ದಿನ. ಸತ್ತವನ ಅಣ್ಣಂದಿರು ಇವತ್ತಿಗೂ ಹುಡುಕ್ತಾನೇ ಇದ್ದಾರೆ, ಸಿಕ್ಕಿಲ್ಲ. ಹುಚ್ಚು ಅನ್ನಿ, ಏನಾದ್ರೂ ಅನ್ನಿ. ಈ ಪೊದೆಯೊಳಗಿನವನು ಕಾಣದಿರೋವರೆಗೂ ನನ್ನ ಮಗನೂ ಅವರಿಗೆ ಕಾಣಲ್ಲ ಅನ್ನೋ ನಂಬಿಕೆ ನಂಗೆ."

ಇಂಥದ್ದಕ್ಕೆಲ್ಲ ನಗುವ ಗಂಡನಿಗೆ ಈಗ ನಗು ಬರಲಿಲ್ಲ. "ತಪ್ಪಾಯ್ತಮ್ಮ," ಎಂದ.

ಹೆಂಡತಿ ಹಾಳೆಯನ್ನು ನೀರಿನಿಂದೆತ್ತಿ ಮೇಜಿನ ಮೇಲೆ ಹರಡಿದಳು. "ನಾನೇ ಮತ್ತೆ ಬಳಿದು ಕೊಡ್ತೀನಿ ತಾಯಿ. ಆದ್ರೆ ಕಾಗದ ಒದ್ದೆ, ನಾಳೆವರೆಗೆ ಒಣಗಬೇಕು. ಈಗ ಬಳಿದ್ರೆ ಶಾಯಿ ನಿಲ್ಲಲ್ಲ."

"ನಾಳೆವರೆಗೆ ಅವನು ಎಲ್ಲಿ ಅಡಗಿಕೊಳ್ತಾನೆ, ಮಗಳೇ?"

ಹೆಂಡತಿ ಶಾಯಿಯ ಬಾಟಲಿ ತೆರೆದಳು.

ಅಷ್ಟರಲ್ಲಿ ಮುದುಕಿಯ ಚೀಲದೊಳಗೆ ಫೋನು ಹೊಡೆದುಕೊಳ್ಳತೊಡಗಿತು. ಮುದುಕಿ ಅತ್ತ ತಿರುಗಲೂ ಇಲ್ಲ. "ಮುಚ್ಚಮ್ಮ, ಮೊದಲು ಅವನನ್ನ ಮುಚ್ಚು," ಎಂದು ಅವಳ ಮೊಣಕೈ ಹಿಡಿದುಕೊಂಡಳು.

ಹೆಂಡತಿ ಕುಂಚ ಅದ್ದಿ ಹಾಳೆಗೆ ತಾಗಿಸಿದಳು. ಶಾಯಿ ಪೊದೆಯ ಮೇಲೆ ನಿಲ್ಲದೆ ನಾಯಿಗಳತ್ತ ಹರಿಯಿತು. ಅವು ಇನ್ನಷ್ಟು ಕಪ್ಪಾದವು, ಇನ್ನಷ್ಟು ದೊಡ್ಡವಾದವು. ಪೊದೆಯೊಳಗಿನವನು ಮಾತ್ರ ಬೆಳ್ಳಗೆ ಹಾಗೇ ಕೂತಿದ್ದ. ಫೋನು ನಿಂತಿತು. ಮತ್ತೆ ಹೊಡೆದುಕೊಂಡಿತು.