ಡಾಟಿಗೆ ಬಿಸಿಲು ಕಾಯಿಸುವ ಭಾನುವಾರ

ಡಾಟಿಯನ್ನು ಹೊರಗೆ ಬಿಡುವ ಮೊದಲು ಲೋರೇನ್ ಹಿತ್ತಲನ್ನು ಒಂದು ಸುತ್ತು ಹಾಕಿ ಬರುತ್ತಿದ್ದಳು. ಹುಲ್ಲಿಗೆ ಯಾರಾದರೂ ಔಷಧಿ ಹೊಡೆದಿದ್ದಾರೆಯೇ, ಬಟ್ಟೆ ಒಣಹಾಕುವ ಕಂಬದ ಮೇಲೆ ಹಾವು ಹಿಡಿದು ತಿನ್ನುವ ಕೂಕಬರ ಹಕ್ಕಿ ಕೂತಿದೆಯೇ ಎಂದು ನೋಡುತ್ತಿದ್ದಳು. ಆಮೇಲೆ ಟವೆಲನ್ನು ಅರ್ಧ ಬಿಸಿಲಿಗೆ, ಅರ್ಧ ಮಾವಿನ ಮರದ ನೆರಳಿಗೆ ಹಾಸಿ, ತೋಳುದ್ದದ ಹೆಬ್ಬಾವನ್ನು ಅದರ ಮೇಲೆ ಬಿಟ್ಟು, ಕೈಗೆಟುಕುವಷ್ಟು ಹತ್ತಿರ ಕೂರುತ್ತಿದ್ದಳು.

ಇದೆಲ್ಲ ಮಗಳು ಬ್ರೈಡಿ ಮಾಡಿಟ್ಟ ಕಟ್ಟಳೆ. ಅಪ್ಪ ಅಮ್ಮ ಬೇರೆಯಾದ ಮೇಲೆ ಹದಿನಾಲ್ಕರ ಆ ಹುಡುಗಿ ಅಪ್ಪನ ಜೊತೆ ಯಪ್ಪೂನ್ ಎಂಬ ಊರಿನ ಫ್ಲಾಟಿಗೆ ಹೋಗಿದ್ದಳು. ಅಲ್ಲಿ ಹಾವಿಗೆ ಜಾಗವಿಲ್ಲ. ಹಾವು ಸಾಕುವ ಲೈಸೆನ್ಸೂ ಲೋರೇನಳ ಹೆಸರಿನಲ್ಲಿತ್ತು. ಹಾಗಾಗಿ ಎರಡು ವಾರಕ್ಕೊಮ್ಮೆ, ಭಾನುವಾರ, ಬ್ರೈಡಿ ಅಮ್ಮನಿರುವ ರಾಕ್‌ಹ್ಯಾಂಪ್ಟನ್‌ಗೆ ಬರುತ್ತಿದ್ದಳು. ಒಂದು ಗಂಟೆಯ ನಂತರ ಗೇಟಿನಲ್ಲಿ ಅಪ್ಪನ ಹಾರ್ನ್. ಬರುವುದು ಹಾವಿಗಾಗಿ ಎಂಬುದರಲ್ಲಿ ಲೋರೇನ್‌ಗೆ ಅನುಮಾನವಿರಲಿಲ್ಲ. ಡಾಟಿ ಇಲ್ಲವಾದರೆ ಆ ಒಂದು ಗಂಟೆಯೂ ಇಲ್ಲ.

ಆ ಭಾನುವಾರ, ಇಲ್ಲಿ ಚಳಿಗಾಲವಾದ ಜುಲೈ ತಿಂಗಳ ಎಳೆಬಿಸಿಲು. ಪಕ್ಕದ ಮನೆಯ ನೆವ್ ಬೇಲಿಯ ಮೇಲೆ ಗದ್ದ ಊರಿದ.

"ಏನ್ ಲೋರೇನ್, ಹಾವಿಗೆ ಟವೆಲ್ಲು, ನಿಂಗೆ ಬರೀ ನೆಲಾನಾ?"

"ನಾಯಿ ಕಟ್ಟಿದೀಯಾ ನೆವ್?"

"ಕಟ್ಟಿದೀನಿ ಮಾರಾಯ್ತಿ. ಅದಕ್ಕಿಂತ ನೀನೇ ಜಾಸ್ತಿ ಬೊಗಳ್ತೀಯ," ಎಂದು ನಗುತ್ತ ಒಳಗೆ ಹೋದ.

ಆಗಲೇ ರಸ್ತೆಯಲ್ಲಿ ಕಾರಿನ ಸದ್ದಾಯಿತು. ಲೋರೇನ್ ಎದ್ದು ಮನೆಯ ಮೂಲೆಯವರೆಗೆ ಹೋಗಿ ಇಣುಕಿದಳು. ಬೇರೆ ಯಾರದೋ ಬಿಳಿ ಕಾರು. ಅದು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು ವಾಪಸ್ ಬಂದರೆ ಟವೆಲ್ ಖಾಲಿ.

ಬ್ರೈಡಿ ಬಂದಾಗ ಲೋರೇನ್ ಗಿಡಗಳ ಬುಡದಲ್ಲಿ ಮಂಡಿಯೂರಿ ತಡಕುತ್ತಿದ್ದಳು.

"ನೀನ್ ಎದ್ದು ಹೋಗಿದ್ಯಾ?"

"ಒಂದೇ ನಿಮಿಷ. ಕಾರಿನ ಸದ್ದಾಯ್ತು, ನೀನೇ ಅಂತ..."

"ಡಾಟಿನ ಬಿಟ್ಟು ಕಾರು ನೋಡಕ್ಕೆ ಹೋದ್ಯಾ? ನಾನು ಹೇಗೂ ಬರ್ತಿದ್ದೆ ಅಲ್ವಾ ಅಮ್ಮಾ!"

ಲೋರೇನ್ ಮತ್ತೆ ಗಿಡಗಳ ಬುಡಕ್ಕೆ ಬಾಗಿದಳು.

ಹಿತ್ತಲಾಯಿತು, ನೆವ್‌ನ ಸೌದೆ ರಾಶಿಯಾಯಿತು. ಕೊನೆಗೆ ಉಳಿದದ್ದು ಮರದ ಕಂಬಗಳ ಮೇಲೆ ನಿಂತ ಮನೆಯ ಅಡಿ. ಇಬ್ಬರೂ ಟಾರ್ಚ್ ಹಿಡಿದು ಒಳಗೆ ತೆವಳಿದರು. ಗೇಟಿನಲ್ಲಿ ಹಾರ್ನ್ ಆಯಿತು.

"ನೀನು ಹೋಗಪ್ಪಾ!" ಬ್ರೈಡಿ ಅಲ್ಲಿಂದಲೇ ಕೂಗಿದಳು. "ಡಾಟಿ ಸಿಗೋವರ್ಗೂ ನಾನ್ ಬರಲ್ಲ."

ಕಾರು ಹೊರಟುಹೋಯಿತು. ಲೋರೇನಳ ಎದೆಯಲ್ಲಿ ಏನೋ ಒಂದು ಹಗುರಾಯಿತು; ಅದಕ್ಕಾಗಿ ಅವಳಿಗೆ ನಾಚಿಕೆಯೂ ಆಯಿತು.

ಮಧ್ಯಾಹ್ನದ ಬ್ರೆಡ್ಡನ್ನು ಅಲ್ಲೇ, ಮಣ್ಣಿನ ಮೇಲೆ ಅಂಗಾತ ಮಲಗಿ ತಿಂದರು. ತೊಲೆಗಳ ಮೇಲೆ ಬೆಳಕು ಬಿಡುತ್ತಿದ್ದಂತೆ ಬ್ರೈಡಿಯ ಸಿಟ್ಟು ಮೆಲ್ಲಗೆ ಮಾತಾಯಿತು. ಗಣಿತದ ಮೇಡಂ ಬಗ್ಗೆ, ಮಾತು ಬಿಟ್ಟ ಗೆಳತಿಯ ಬಗ್ಗೆ, ಅಪ್ಪ ದಿನಾ ಮಾಡುವ ಒಂದೇ ಪಾಸ್ತಾದ ಬಗ್ಗೆ. ಅವಳ ಭುಜ ಅಮ್ಮನ ಭುಜಕ್ಕೆ ತಾಗಿಕೊಂಡೇ ಇತ್ತು. ಮನೆ ಬಿಟ್ಟ ಏಳು ತಿಂಗಳಿಂದ ಅವಳು ಅಷ್ಟು ಹತ್ತಿರ ಬಂದಿರಲಿಲ್ಲ.

ಹೊತ್ತು ಇಳಿಯುತ್ತಿದ್ದಾಗ ಲೋರೇನ್‌ಗೆ ಕಂಡಿತು. ನೀರಿನ ಪೈಪಿಗೂ ತೊಲೆಗೂ ನಡುವೆ ಕಂದು ಚಿತ್ತಾರದ ಬಾಲದ ತುದಿ.

ಅವಳು ಟಾರ್ಚನ್ನು ಬೇರೆ ಕಡೆ ತಿರುಗಿಸಿದಳು. ಇಲ್ಲಿ ಹಕ್ಕಿ ಬರುವುದಿಲ್ಲ, ನಾಯಿ ಕಟ್ಟಿದೆ. ಇನ್ನೊಂದು ಐದು ನಿಮಿಷ.

"ಆ ಫ್ರೆಂಡ್ ಮತ್ತೆ ನನ್ ಹತ್ರ ಮಾತಾಡ್ತಾಳೆ ಅಂತೀಯಾ?" ಬ್ರೈಡಿ ಕೇಳಿದಳು.

"ಮಾತಾಡ್ತಾಳೆ ಕಣೆ. ಸ್ವಲ್ಪ ಕಾಯಿ."

ಐದು ನಿಮಿಷ ಹತ್ತಾಯಿತು. ಬಿಸಿಲು ಬೇಲಿ ದಾಟುತ್ತಿತ್ತು. ನೆಲದಿಂದ ತಂಪು ಬೆನ್ನಿಗೆ ಏರತೊಡಗಿತು. ತನಗೇ ಇಷ್ಟು ಚಳಿಯಾದರೆ, ಬಿಸಿಲಿನಿಂದಲೇ ಬದುಕುವ ಆ ಪುಟ್ಟ ಮೈಗೆ? ಲೋರೇನ್‌ಗೆ ತಡೆಯಲಾಗಲಿಲ್ಲ.

"ಪೈಪ್ ಹಿಂದೆ ನೋಡು, ಬ್ರೈಡಿ."

ಹುಡುಗಿ ಅಳುತ್ತ, ನಗುತ್ತ ಹಾವನ್ನು ಬಿಡಿಸಿಕೊಂಡು ಸ್ವೆಟರಿನೊಳಗೆ ಸೇರಿಸಿದಳು. ಲೋರೇನ್ ಕಣ್ಣು ಮುಚ್ಚಿ ಮುಂದಿನ ಮಾತಿಗೆ ಕಾದಳು: ಅಪ್ಪನಿಗೆ ಫೋನ್ ಮಾಡು.

"ಐಸ್ ಥರ ಆಗಿದಾಳಮ್ಮಾ," ಎಂದಳು ಬ್ರೈಡಿ. "ಬೆಚ್ಚಗಾಗೋವರ್ಗೂ ಇರ್ತೀನಿ."

ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೋರೇನ್ ಕೇಳಲಿಲ್ಲ.